ಮುಷ್ಟಿಯೊಳಗಿನ ಹೆಬ್ಬೆರಳು

"ಕ್ಷಮಿಸಿ... ನಿಮ್ಮ ಕೈ ಸ್ವಲ್ಪ ಬೇಕಿತ್ತು."

ಅಕ್ಷಯಾ ಬೆಚ್ಚಿ ತಲೆಯೆತ್ತಿದಳು. ನಗರ್ತಪೇಟೆಯ ಪೂಜಾ ಸಾಮಾನಿನ ಅಂಗಡಿಯಲ್ಲಿ ಬೆಳಗಿನಿಂದ ಕುಂಕುಮ, ಕರ್ಪೂರ, ವಿಭೂತಿ ಕಟ್ಟಿಕೊಟ್ಟು ಅವಳ ಭುಜ ಸೋತುಹೋಗಿತ್ತು. ಎದುರಿಗೆ ಕೆದರಿದ ಕೂದಲಿನ ಒಬ್ಬ ಯುವಕ ನಿಂತಿದ್ದ.

"ಕೈಯಾ?! ಇಲ್ಲಿ ಕರ್ಪೂರ ಇದೆ, ಊದುಬತ್ತಿ ಇದೆ. ಕೈ ಮಾರಲ್ಲ ರೀ."

"ಅಯ್ಯೋ, ಹಾಗಲ್ಲ! ನೀವು ಪೊಟ್ಟಣ ಕಟ್ಟೋದನ್ನೇ ನೋಡ್ತಾ ನಿಂತುಬಿಟ್ಟೆ. ನಾನು ಮಧುಸೂದನ್, ಮಲ್ಲೇಶ್ವರ. ಒಬ್ಬನೇ ಕೂತು ವಿಡಿಯೋ ಗೇಮ್ ಮಾಡ್ತೀನಿ. ಕಲ್ಲು, ಕಾಗದ, ಕತ್ತರಿ ಆಟ. ಅದಕ್ಕೊಂದು ಕೈ ಹುಡುಕ್ತಿದ್ದೆ."

ಗಲ್ಲಾದ ಹಿಂದೆ ತೂಕಡಿಸುತ್ತಿದ್ದ ಅವಳ ತಂದೆ ನಂಜುಂಡಯ್ಯ ಅರೆಗಣ್ಣು ತೆರೆದರು. "ಯಾರಮ್ಮಾ?"

"ಗಿರಾಕಿ, ಅಪ್ಪಾಜಿ. ಏನು ಬೇಕು ಅಂತ ಅವ್ರಿಗೇ ಇನ್ನೂ ಗೊತ್ತಿಲ್ಲ."

ಮಧುಸೂದನ್ ದನಿ ತಗ್ಗಿಸಿದ. "ಮೊದಲೇ ಹೇಳಿಬಿಡ್ತೀನಿ... ಇದು ದೊಡ್ಡವರ ಆಟ. ಸೋತೋರು ಮೈಮೇಲಿಂದ ಒಂದೊಂದೇ ತೆಗೀಬೇಕು. ಮುಖ, ಮೈ ಎಲ್ಲಾ ನಾನು ಬರೆಯೋ ಚಿತ್ರ. ಕೈ ಮಾತ್ರ ನಿಮ್ಮದು. ಬೇಡ ಅಂದ್ರೆ ಈಗಲೇ ಹೊರಟೆ."

ಬೈಯಬೇಕಿತ್ತು. ಆದರೆ ಅವಳಿಗೆ ನಗು ಬಂತು. ನಕ್ಕು ಎಷ್ಟು ಕಾಲವಾಗಿತ್ತೋ!

ಅಮ್ಮನ ಕಾಯಿಲೆ, ಅಮ್ಮನಿಲ್ಲದ ಮನೆ, ಅಂಗಡಿ... ಇಷ್ಟರಲ್ಲೇ ಅವಳ ಪ್ರಾಯ ಸವೆಯುತ್ತಿತ್ತು. ನೋಡಲು ಬಂದ ವರಗಳು ಅವಳ ಬಣ್ಣ ನೋಡಿದ್ದರು, ಎತ್ತರ ನೋಡಿದ್ದರು. ದುಡಿದು ದುಡಿದು ಒರಟಾದ ಕೈಯನ್ನು ನೋಡಿದವನು ಇವನೊಬ್ಬನೇ.

ಭಾನುವಾರ, ಚಾಮರಾಜಪೇಟೆಯ ಗೆಳತಿ ಗಗನಾಳ ಮನೆಯಲ್ಲಿ, ಅವನು ಕ್ಯಾಮೆರಾ ಇಟ್ಟು ಅವಳ ಕೈಯನ್ನು ಚಿತ್ರೀಕರಿಸಿದ. ಕಲ್ಲು... ಕಾಗದ... ಕತ್ತರಿ...

"ಒಂದು ಕೇಳ್ಲಾ? ಮುಷ್ಟಿ ಕಟ್ಟೋ ಮುಂಚೆ ನಿಮ್ಮ ಹೆಬ್ಬೆರಳು ಒಳಗೆ ಹೋಗುತ್ತಲ್ಲ, ಯಾಕೆ?"

ಅವಳು ನಾಚಿದಳು. "ಚಿಕ್ಕೋಳಿದ್ದಾಗ ಗವಿಪುರದ ಗುಡಿಯಿಂದ ಅಜ್ಜಿಗೆ ವಿಭೂತಿ ತರ್ತಿದ್ದೆ. ಅಂಗೈಲಿ ಹಾಕ್ಕೊಂಡು, ಚೆಲ್ಲಬಾರದು ಅಂತ ಹೆಬ್ಬೆರಳಿಂದ ಒತ್ತಿ ಹಿಡೀತಿದ್ದೆ. ಅದೇ ಅಭ್ಯಾಸ ಉಳ್ಕೊಂಡಿದೆ. ಯಾರಿಗೂ ಹೇಳ್ಬೇಡಿ, ಈ ಆಟದಲ್ಲಿ ಅದ್ರಿಂದಲೇ ಸೋಲ್ತೀನಿ!"

"ಹೇಳಲ್ಲ," ಎಂದ ಮಧುಸೂದನ್, ದೇವರ ಮುಂದೆ ನಿಂತವನಂತೆ.

ಆಮೇಲೆ ಗಾಂಧಿ ಬಜಾರಿನಲ್ಲಿ ಬೈಟು ಕಾಫಿಗಳಾದವು. 'ನೀವು' ಎನ್ನುವುದು ಯಾವಾಗಲೋ 'ನೀನು' ಆಯಿತು. ಬಾಯಿಬಿಟ್ಟು ಮಾತ್ರ ಇಬ್ಬರೂ ಏನನ್ನೂ ಹೇಳಲಿಲ್ಲ.

ಆಟ ಬಿಡುಗಡೆಯಾಯಿತು. ಒಂದು ಸಂಜೆ ಗಗನಾ ಸಪ್ಪೆ ಮುಖದಲ್ಲಿ ಬಂದು ಫೋನ್ ಚಾಚಿದಳು.

"ನೀನೇ ನೋಡ್ಬಿಡು ಕಣೇ."

ಆಡಿದವರು ಯಾರೋ ಬರೆದಿದ್ದರು: 'ಅವಳ ಹೆಬ್ಬೆರಳು ನೋಡ್ತಿರಿ. ಒಳಗೆ ಹೋದ್ರೆ ಕಲ್ಲು ಬರುತ್ತೆ. ನೀವು ಕಾಗದ ಹಾಕಿ. ಪೂರ್ತಿ ಬಿಚ್ಚಿಸಬಹುದು!'

ಕೆಳಗೆ ನಗುವಿನ ಸಾಲು.

ಅಕ್ಷಯಾ ತನ್ನ ಕೈಯನ್ನೇ ನೋಡಿಕೊಂಡಳು. ವಿಭೂತಿ ತಂದ ಕೈ... ಶಿವನೇ! ಅದೇ ಕೈ ನೋಡಿಕೊಂಡು ಬಟ್ಟೆ ಬಿಚ್ಚಿಸುತ್ತಿದ್ದಾರಲ್ಲ!

ಫೋನ್ ಮಾಡಿದಳು. "ಹೇಳಲ್ಲ ಅಂದಿದ್ರಲ್ಲ ನೀವು?"

"ಅಕ್ಷಯಾ, ನಾನ್ಯಾರಿಗೂ..."

"ಗೊತ್ತಿದ್ದೋರು ನೀವೊಬ್ರೇ. ಇನ್ನು ಫೋನ್ ಮಾಡ್ಬೇಡಿ."

'ನೀವು' ಎಂಬ ಮಾತು ಅವನನ್ನು ಇರಿಯಿತು. ಅವಳನ್ನೂ.

ದಿನಗಳು ಕಾಲೆಳೆದುಕೊಂಡು ಹೋದವು. ಅವಳು ಪೊಟ್ಟಣ ಕಟ್ಟಿದಳು, ದಾರ ಸುತ್ತಿದಳು, ಬೆರಳು ಮಡಿಚಲೂ ಬೇಸರವಾಗುವಷ್ಟು ದಣಿದಳು. ಅತ್ತು ಹಗುರಾಗೋಣವೆಂದರೆ ಅದಕ್ಕೂ ತ್ರಾಣ ಬೇಕಲ್ಲ.

ಒಂದು ಮಧ್ಯಾಹ್ನ ಅವನೇ ಅಂಗಡಿಯ ಮೆಟ್ಟಿಲ ಬಳಿ ನಿಂತಿದ್ದ.

"ಏನು ಬೇಕಿತ್ತು ನಿಮಗೆ?"

ಅವನು ಫೋನ್ ಮುಂದಿಟ್ಟ. ಪರದೆಯ ಮೇಲೆ ಅದೇ ಆಟ, ಆದರೆ ಅವನು ಬರೆದ ಹುಡುಗಿ ಇರಲಿಲ್ಲ. ಕೆದರಿದ ಕೂದಲಿನ ಗಂಡಸೊಬ್ಬ ಕೂತಿದ್ದ. ಕೈಯ ತುಂಬ ರೋಮ, ಕಚ್ಚಿದ ಉಗುರು. ಅಕ್ಷಯಾ ಆಡಿ ಒಂದು ಸಲ ಗೆದ್ದಳು. ಅವನ ಅಂಗಿ ಕಳಚಿತು. ಪುಟ್ಟ ಬೊಜ್ಜು ಹೊರಬಿತ್ತು!

"ಇದು... ನೀನಾ?!"

"ನನ್ನ ಕೈ. ಹೊಟ್ಟೆನೂ ನಂದೇ. ಆಡೋರೆಲ್ಲ ಬಾಯಿಗೆ ಬಂದಂಗೆ ಬೈತಿದ್ದಾರೆ."

ನಗು ಉಕ್ಕಿಬಂತು. ಅವಳು ತುಟಿ ಕಚ್ಚಿದಳು. "ಹಳೇದು?"

"ತೆಗೆದೆ. ಆದ್ರೆ ಆಗಲೇ ಇಳಿಸ್ಕೊಂಡೋರ ಹತ್ರ ಇರುತ್ತೆ. ಅದನ್ನ ವಾಪಸ್ ತರೋಕೆ ನನ್ನಿಂದ ಆಗಲ್ಲ. ಸುಳ್ಳು ಹೇಳಲ್ಲ." ಅವನು ಒಂದು ಮೆಟ್ಟಿಲು ಮೇಲೆ ಬಂದ. "ನಾನು ಯಾರಿಗೂ ಹೇಳ್ಲಿಲ್ಲ ಕಣೇ, ಅವರೇ ಕಂಡುಹಿಡಿದ್ರು. ಮುಂದೇನು ಬರುತ್ತೆ ಅಂತ ಬಿಟ್ಟುಕೊಡೋ ಇಂಥ ಗುರುತು ಅಳಿಸೋದೇ ಆಟ ಮಾಡೋರ ಮೊದಲ ಕೆಲಸ. ಬಿಡುಗಡೆಗೆ ಮುಂಚೆ ಅಳಿಸೋಕೆ ಕೂತೆ. ಹೆಬ್ಬೆರಳು ಹೊರಗಿಟ್ಟು ಬರೆದೆ. ಅದು ನಿನ್ನ ಕೈ ಅನ್ನಿಸ್ಲೇ ಇಲ್ಲ. ಹಾಗೇ ಬಿಟ್ಬಿಟ್ಟೆ. ನನ್ನ ಆಸೆ ನೋಡ್ಕೊಂಡೆ, ನಿನ್ನ ಮರ್ಯಾದೆ ನೋಡ್ಲಿಲ್ಲ."

ಅಕ್ಷಯಾ ಫೋನನ್ನು ಅವನತ್ತ ಸರಿಸಿದಳು. ಇಷ್ಟು ದಿನ ಹೊತ್ತ ಕೋಪಕ್ಕೂ ಈಗ ದಣಿವಾಗಿತ್ತು. ಅದನ್ನು ಇಳಿಸಲು ಒಂದು ಜಾಗ ಬೇಕಿತ್ತು, ಅಷ್ಟೆ. ಆದರೆ ಇವನನ್ನು ಮತ್ತೆ ನಂಬುವುದು ಹೇಗೆ?

"ಒಂದಾಟ ಆಡೋಣ," ಎಂದಳು. "ಸೋತೋರು ನಿಜ ಹೇಳ್ಬೇಕು."

ಕುಂಕುಮದ ಡಬ್ಬಿಗಳ ಮೇಲೆ ಎರಡು ಕೈಗಳು ಎದುರಾದವು. ಅವಳು ಬೇಕೆಂದೇ, ನಿಧಾನವಾಗಿ, ಅವನಿಗೆ ಕಾಣುವಂತೆ ಹೆಬ್ಬೆರಳನ್ನು ಒಳಗೆಳೆದುಕೊಂಡಳು. 'ಗೆಲ್ಲೋದು ಇವನಿಗೆ ಈಗ ಎಷ್ಟು ಸುಲಭ...'

"ಕಲ್ಲು... ಕಾಗದ... ಕತ್ತರಿ!"

ಅವಳದು ಕಲ್ಲು.

ಅವನದು ಕತ್ತರಿ.

"ಸೋತ್ಯಲ್ಲೋ! ಹೆಬ್ಬೆರಳು ಕಾಣಿಸ್ಲಿಲ್ವಾ?"

"ಕಾಣಿಸ್ತು."

ಅಕ್ಷಯಾಳ ಕಣ್ಣು ತುಂಬಿತು. ಚಾಚಿದ ಅವನ ಎರಡು ಬೆರಳುಗಳನ್ನು ತನ್ನ ಮುಷ್ಟಿಯೊಳಗೆ ಹಿಡಿದುಕೊಂಡಳು.

"ನಿಜ ಹೇಳು ಈಗ."

"ನೀನಿಲ್ದೆ ಆಗಲ್ಲ ಅಕ್ಷಯಾ... ಮದುವೆ ಆಗ್ತೀಯಾ?"

ಗಲ್ಲಾದ ಹಿಂದಿನಿಂದ ನಂಜುಂಡಯ್ಯನವರ ದನಿ ಬಂತು. "ಅಮ್ಮಾ, ಆ ಗಿರಾಕಿಗೆ ಏನು ಬೇಕಂತೆ?"

ಅವಳು ಕಣ್ಣೊರೆಸಿಕೊಂಡಳು. "ಕೈ ಬೇಕಂತೆ, ಅಪ್ಪಾಜಿ."

"ಮೊದಲನೇ ದಿನಾನೇ ಅದನ್ನೇ ಕೇಳಿದ್ನಲ್ಲಮ್ಮ! ನಾನೇನು ನಿಜವಾಗ್ಲೂ ನಿದ್ದೆ ಮಾಡ್ತಿದ್ನಾ? ಒಳಗೆ ಕರಿ, ಕಾಫಿ ಕುಡೀಲಿ."

ಮಧುಸೂದನ್ ಪಿಸುಗುಟ್ಟಿದ. "ಇನ್ನೊಂದಾಟ?"

"ಸುಸ್ತಾಗಿದೆ ಕಣೋ," ಎಂದಳು, ಬೆರಳು ಬಿಡದೆ. "ನಾಳೆ ಆಡೋಣ."