ಹನ್ನೊಂದು ಕೋಟ್

"ಕ್ಲಿನಿಕ್ಕಾ? ಪಕ್ಕದ ಬಾಗಿಲು" ಎಂದೆ, ಅರ್ಧ ತಲೆ ಎತ್ತಿ. ಬೆಡ್‌ಶೀಟ್‌ನಲ್ಲಿ ಸುತ್ತಿದ ಏನನ್ನೋ ಎಳೆಗೂಸಿನ ಹಾಗೆ ಎದೆಗೆ ಆನಿಸಿಕೊಂಡು ಅವರು ನಿಂತಿದ್ದರು.

"ಇದಕ್ಕೆ ಜ್ವರ ಇಲ್ಲ. ಪಾಲಿಶ್ ಬೇಕು" ಎಂದು ಬೆಡ್‌ಶೀಟ್ ಬಿಚ್ಚಿದರು. ಒಳಗಿದ್ದದ್ದು ಗಿಟಾರ್. ತಂತಿಯಿಲ್ಲ, ಬಣ್ಣವಿಲ್ಲ, ಬರೀ ಮರ.

ಎದುರು ಸಾಲಿನಲ್ಲಿ ಗಡಿಯಾರ ರಿಪೇರಿ ಮಾಡುವವರು. ತಮ್ಮ ಅಕ್ಕನ ಹಳೆಯ ಕಪಾಟಿನ ಬಾಗಿಲು ಕೊಯ್ದು, ಅಡುಗೆಮನೆ ಕಟ್ಟೆಯ ಮೇಲೆ ಎರಡು ವರ್ಷ ಕೂತು ಅದನ್ನು ಮಾಡಿದ್ದರಂತೆ. ಮೇಜು, ಕುರ್ಚಿ ಬಿಟ್ಟು ನಾನು ಬೇರೇನನ್ನೂ ಪಾಲಿಶ್ ಮಾಡಿದವಳಲ್ಲ. ಬೆರಳ ಗೆಣ್ಣಿನಿಂದ ಅವರು ಮುಂದಿನ ಹಲಗೆ ತಟ್ಟಿದರು. ಟಣ್ ಎಂದಿತು.

"ಕೇಳಿಸ್ತಾ?" ಎಂದು ನನ್ನ ಮುಖ ನೋಡಿದರು. ಸಾಸಿವೆ ಗಾತ್ರದ ಸ್ಕ್ರೂ ಹುಡುಕಿ ಹುಡುಕಿ ಪಳಗಿದ ಕಣ್ಣು. ನನ್ನ ಮುಖದಲ್ಲಿ ಏನು ಹುಡುಕಿತೋ, ನಾನು ಸುಮ್ಮನೆ ಸ್ಪಿರಿಟ್ ಬಾಟಲಿಯ ಮುಚ್ಚಳ ತಿರುಗಿಸುತ್ತಾ ನಿಂತೆ.

"ಸ್ವಲ್ಪ ಅರ್ಜೆಂಟ್ ಇದೆ" ಎಂದರು. "ಅಕ್ಕನ ಕಿವಿ ದಿನೇ ದಿನೇ ಮಂದ ಆಗ್ತಿದೆ. ಇನ್ನು ಕೆಲವೇ ವಾರ ಅಂದಿದ್ದಾರೆ ಡಾಕ್ಟರು. ನನ್ನನ್ನ ಸಾಕಿದ್ದು ಅವಳೇ. ಅಷ್ಟರೊಳಗೆ ಇದನ್ನ ಕೇಳಿಸ್ಬೇಕು."

ತಂತಿ ಸಿಕ್ಕಿಸುವ ಪಟ್ಟಿಯನ್ನು ಪಾಲಿಶ್ ಆದ ಮೇಲೆಯೇ ಅಂಟಿಸಬೇಕಂತೆ. ಅಲ್ಲಿಯವರೆಗೆ ಅದು ಮೂಗ.

"ನಾಲ್ಕು ಕೋಟ್ ಸಾಕು. ಒಂದು ವಾರ" ಎಂದೆ. ಹಾಗೆಂದದ್ದು ನನ್ನ ಬಾಯಿಯೇ.

ಮಧ್ಯಾಹ್ನ ಅಂಗಡಿಗೆ ಬೀಗ ಹಾಕಿ ಬರುತ್ತಿದ್ದರು, ತಾನೂ ಕಲಿಯುತ್ತೇನೆಂದು. ಹತ್ತಿ ಉಂಡೆಯನ್ನು ಹಳೆ ಅಂಗಿಯ ಬಟ್ಟೆಯಲ್ಲಿ ಕಟ್ಟಿ, ಅರಗಿನ ಪಾಲಿಶ್‌ನಲ್ಲಿ ಅದ್ದಿ ಕೊಟ್ಟರೆ, ಹಿಟ್ಟು ಚೆಲ್ಲಿದ ಕಟ್ಟೆ ಒರೆಸುವ ಹಾಗೆ ಒರೆಸಿದರು.

"ಒರೆಸೋದಲ್ಲ, ಸವರೋದು" ಎಂದು ಮಣಿಕಟ್ಟು ಹಿಡಿದೆ. "ನಿಮ್ಮ ಕೈ ಸೆಕೆಂಡಿನ ಮುಳ್ಳಿನ ಹಾಗೆ ಓಡುತ್ತೆ. ಗಂಟೆ ಮುಳ್ಳಿನ ಹಾಗೆ ಹೋಗ್ಲಿ."

"ಹಾಗೆ ಹೋದ್ರೆ ಸಂಜೆವರೆಗೂ ಇಲ್ಲೇ ಇರ್ಬೇಕಾಗುತ್ತೆ."

"ಇರಿ. ಯಾರು ಬೇಡ ಅಂದ್ರು?"

ಅವರು ನಕ್ಕರು. ಮಣಿಕಟ್ಟನ್ನು ನಾನು ಬಿಡಲು ಮರೆತಿದ್ದೆ. ಅವರೂ ನೆನಪಿಸಲಿಲ್ಲ. ಹೊರಡುವಾಗ ಬಾಗಿಲಲ್ಲಿ ತಿರುಗಿ, "ನಾಳೆ ಬರ್ಲಾ?" ಎಂದರು.

"ಬನ್ನಿ. ಅಷ್ಟೊತ್ತಿಗೆ ಒಣಗಿರುತ್ತೆ."

ದಿನವೂ ಇದೇ ಪ್ರಶ್ನೆ, ಇದೇ ಉತ್ತರ. ಆ ಎರಡು ಮಾತಿಗಾಗಿ ನಾನು ಬೆಳಗಿನಿಂದ ಕಾಯುತ್ತಿದ್ದೆ.

ನಾಲ್ಕನೆಯ ಕೋಟ್ ಒಣಗಿದ ದಿನ ಅವರು ಬೆಡ್‌ಶೀಟ್ ತಂದಿದ್ದರು. ಅದನ್ನು ನೋಡಿದ್ದೇ, "ಇನ್ನೊಂದು ಕೋಟ್ ಬೇಕು" ಎಂದುಬಿಟ್ಟೆ. ಅವರು ನಂಬಿದರು. ಮರುದಿನವೂ ನಂಬಿದರು.

"ಊಟದ ಮೇಜಿಗೂ ಇಷ್ಟು ಹಚ್ಚಲ್ಲ ಕಣೇ" ಎಂದ ಅಪ್ಪ, ಮೂಲೆಯ ಕುರ್ಚಿಯಿಂದ. "ಅತಿಯಾದರೆ ಅಮೃತವೂ ವಿಷ."

"ನೀನು ಸುಮ್ನಿರಪ್ಪ."

ಎಂಟನೆಯ ಕೋಟ್ ಆದ ಮೇಲೆ, ಯಾರೂ ಇಲ್ಲದಾಗ, ಹಲಗೆ ತಟ್ಟಿದೆ. ಟಣ್ ಎನ್ನಲಿಲ್ಲ. ದಿಂಬು ತಟ್ಟಿದ ಹಾಗೆ ಡಬ್ ಎಂದಿತು. ಕೇಳಿಸಿತು ನನಗೆ, ಚೆನ್ನಾಗಿಯೇ ಕೇಳಿಸಿತು. ಮರುದಿನ ಒಂಬತ್ತನೆಯದನ್ನು ಹಚ್ಚಿದೆ.

ಹನ್ನೊಂದು ಕೋಟ್, ಮೂರು ವಾರ. ಕೊನೆಯ ದಿನ ಮರದಲ್ಲಿ ನಮ್ಮಿಬ್ಬರ ಮುಖ ಅಕ್ಕಪಕ್ಕ ಕಾಣುತ್ತಿತ್ತು. ಅವರು ನನ್ನ ಕಡೆ ತಿರುಗಲೇ ಇಲ್ಲ, ಮರದೊಳಗಿನ ನನ್ನನ್ನೇ ನೋಡುತ್ತಾ, "ಚೆನ್ನಾಗಿ ಕಾಣ್ತಿದೆ" ಎಂದರು. ಅಂಥ ಸುಖ ನನಗೆ ಮೊದಲೂ ಇರಲಿಲ್ಲ, ಆಮೇಲೂ ಇಲ್ಲ.

ಮೂರು ದಿನ ಬಿಟ್ಟು ಬಂದರು. ಗಿಟಾರನ್ನು ಕುತ್ತಿಗೆ ಹಿಡಿದು ತಂದಿದ್ದರು.

"ಅಕ್ಕನ್ನ ಎದುರು ಕೂರಿಸ್ಕೊಂಡು ಬಾರಿಸ್ದೆ. ಅವಳು ನನ್ನ ಮುಖಾನೇ ನೋಡ್ತಾ ಕೂತಿದ್ಲು. ಅರ್ಧ ಆದ ಮೇಲೆ, 'ಎಷ್ಟೊತ್ತೋ, ಶುರು ಮಾಡೋ' ಅಂದ್ಲು."

ನಾನು ಕುರ್ಚಿ ಕೊಟ್ಟೆ. ಅವರು ಕೂರಲಿಲ್ಲ.

"ಅವಳ ಕಿವೀನೇ ಹೋಯ್ತು ಅಂದ್ಕೊಂಡೆ. ಆಮೇಲೆ ನಾನೇ ಕಿವಿಗೊಟ್ಟು ಕೇಳ್ದೆ. ಇದಕ್ಕೆ ದನಿಯೇ ಇಲ್ಲ. ಹಲಗೆ ದಪ್ಪ ಬಿಟ್ಬಿಟ್ಟೆ ಅನ್ಸುತ್ತೆ. ಎರಡು ವರ್ಷ ಮಾಡಿ, ಹಾಳು ಮಾಡ್ದೆ."

ಸುಮ್ಮನಿದ್ದಿದ್ದರೆ ಮುಗಿಯುತ್ತಿತ್ತು. ತಪ್ಪನ್ನು ಅವರು ಆಗಲೇ ಹೊತ್ತುಕೊಂಡಿದ್ದರು. ಅದನ್ನು ನೋಡಲಾಗಲಿಲ್ಲ.

"ಹಲಗೆ ಸರಿಯಾಗೇ ಇದೆ" ಎಂದೆ. "ದನಿ ಅಡಗಿಸಿದ್ದು ನಾನು. ನಾಲ್ಕು ಕೋಟ್ ಸಾಕಾಗಿತ್ತು. ಉಳಿದ ಏಳು, ನೀವು ಬರ್ಲಿ ಅಂತ ಹಚ್ಚಿದ್ದು."

ಪಕ್ಕದ ಕ್ಲಿನಿಕ್ಕಿನಲ್ಲಿ ಯಾರದೋ ಟೋಕನ್ ನಂಬರ್ ಕೂಗುತ್ತಿದ್ದರು.

"ನನ್ನಂಗಡಿ ಎದುರುಗಡೆನೇ ಇದೆ" ಎಂದರು ಕೊನೆಗೆ. "ಬನ್ನಿ ಅಂದಿದ್ರೆ ಬರ್ತಿದ್ದೆ. ನಂಗೂ ಇಷ್ಟ ಇತ್ತು."

ಇತ್ತು. ಆ ಒಂದು ಮಾತನ್ನು ಹಿಡಿದುಕೊಂಡು ನಾನು ಐದು ದಿನ, ಅವರು ಬಿಟ್ಟುಹೋದ ಗಿಟಾರಿಗೆ ಉಪ್ಪುಕಾಗದ ತಿಕ್ಕಿದೆ. ತಂತಿ ಬಿಚ್ಚಿ, ಹನ್ನೊಂದನ್ನೂ ಸ್ಪಿರಿಟ್‌ನಲ್ಲಿ ಒರೆಸಿ, ಬರೀ ಮರಕ್ಕೆ ಇಳಿಸಿದೆ. ಮತ್ತೆ ತೆಳ್ಳಗೆ ನಾಲ್ಕೇ ಕೋಟ್. ಮಾಡಿದ್ದುಣ್ಣೋ ಮಹಾರಾಯ ಎನ್ನುತ್ತಾರಲ್ಲ, ಅದನ್ನು ನಾನೊಬ್ಬಳೇ ಉಂಡಿದ್ದರೆ ಚಿಂತೆಯಿರಲಿಲ್ಲ. ಅವರು ಒಂದು ದಿನವೂ ಬರಲಿಲ್ಲ.

ಕೆಲಸ ಮುಗಿದ ಮೇಲೆ ಹೇಳಿ ಕಳಿಸಿದೆ. ಬಂದರು, ತಂತಿ ಕಟ್ಟಿದರು, ಒಮ್ಮೆ ಮೀಟಿದರು. ಅಂಗಡಿಯಿಡೀ ತುಂಬಿತು ದನಿ. ಮೂಲೆಯಲ್ಲಿ ತೂಕಡಿಸುತ್ತಿದ್ದ ಅಪ್ಪ ಎಚ್ಚೆತ್ತ.

"ಅಕ್ಕ?" ಎಂದೆ.

"ಮೊನ್ನೆಯಿಂದ ಎಲ್ಲಾ ಬರೆದು ತೋರಿಸ್ತಿದೀನಿ."

ಅವರು ಬೆಡ್‌ಶೀಟ್ ಸುತ್ತಿದರು. ಬಾಗಿಲವರೆಗೆ ಹೋದರು. ತಿರುಗುತ್ತಾರೆ, ಕೇಳುತ್ತಾರೆ ಎಂದು ಕಾದೆ. ತಿರುಗಲಿಲ್ಲ. ಕೊನೆಗೆ ಮಾನ ಬಿಟ್ಟು ನಾನೇ ಹೇಳಿದೆ.

"ನಾಳೆ ಬನ್ನಿ."

ಅವರು ನಿಂತರು. ಕೋಪವಿರಲಿಲ್ಲ ದನಿಯಲ್ಲಿ.

"ಯಾಕೆ?" ಎಂದರು. "ಒಣಗಿದೆಯಲ್ಲ."