ತೆಗೆಯುವ ಮುನ್ನ ಒಮ್ಮೆ ಓದಿ

ಚಂದಾದಾರರ ಸೌಲಭ್ಯಗಳ ಪಟ್ಟಿಯ ನಾಲ್ಕನೆಯ ಸಾಲಿನ ಮೇಲೆ ಮೇಷ್ಟ್ರು ಪೆನ್ಸಿಲಿನಿಂದ ಗೆರೆ ಎಳೆದಾಗ ಅವಳಿಗೆ ಮೊದಲು ನಗು ಬಂತು. ತಮಾಷೆ ಇರಬೇಕು ಎಂದುಕೊಂಡಳು. ಆಮೇಲೆ ಅವರ ಮುಖ ನೋಡಿದಳು. ಅಲ್ಲಿ ತಮಾಷೆಯ ಸುಳಿವೇ ಇರಲಿಲ್ಲ.

ಬರೆಯಲು ಕಲಿಯುವವರಿಗೆ ಸಲಹೆ ಕೊಡುವ ನ್ಯೂಸ್‌ಲೆಟರ್ ಅವರಿಬ್ಬರದು. ವಾರಕ್ಕೊಂದು ಪತ್ರ, ಆರು ವರ್ಷದಿಂದ. ಅವರು ಬರೆಯುತ್ತಿದ್ದರು, ಅವಳು ಕತ್ತರಿಸುತ್ತಿದ್ದಳು. ಅದಕ್ಕೇ ಅವಳಿಗೆ ‘ಕತ್ತರಿ’ ಎಂಬ ಅಡ್ಡಹೆಸರು. ಅವರು ಯಾವ ಶಾಲೆಯಲ್ಲೂ ಪಾಠ ಮಾಡಿದವರಲ್ಲ, ಆದರೂ ಊರಿಗೆಲ್ಲ ಮೇಷ್ಟ್ರು. ಚಂದಾ ಕಟ್ಟಿದವರಿಗೆ ಹೊಸ ವರ್ಷದಿಂದ ಏನು ಕೊಡಬೇಕು, ಏನು ನಿಲ್ಲಿಸಬೇಕು ಎಂದು ತೀರ್ಮಾನಿಸಲು ಇಬ್ಬರೂ ಮೇಷ್ಟ್ರ ಮನೆಯ ಮುಂದಿನ ಕೋಣೆಯಲ್ಲಿ ಕೂತಿದ್ದರು.

ಪಟ್ಟಿಯಲ್ಲಿ ಮೊದಲನೆಯದು, ಹಳೆಯ ಪತ್ರಗಳೆಲ್ಲ ಓದಲು ಸಿಗುತ್ತವೆ, ಇರಲಿ. ತಿಂಗಳಿಗೊಂದು ಪ್ರಶ್ನೆ ಕೇಳಬಹುದು, ಅದೂ ಇರಲಿ. ‘ಕತ್ತರಿ ಬುಟ್ಟಿ’, ಅಂದರೆ ಅವಳು ತೆಗೆದು ಹಾಕಿದ ಸಾಲುಗಳು, ಅದನ್ನು ಮುಟ್ಟುವಂತೆಯೇ ಇಲ್ಲ, ಜನಕ್ಕೆ ಅಷ್ಟು ಅಚ್ಚುಮೆಚ್ಚು. ನಾಲ್ಕನೆಯದು ಶನಿವಾರ.

ಶನಿವಾರ ಬೆಳಿಗ್ಗೆ ಹನ್ನೊಂದಕ್ಕೆ ಇಬ್ಬರೂ ಮೈಕಿನ ಮುಂದೆ ಕೂತು, ಚಂದಾದಾರರೊಬ್ಬರು ಕಳಿಸಿದ ಪುಟವನ್ನು ಗಟ್ಟಿಯಾಗಿ ಓದಿ, ಅದರ ಬಗ್ಗೆ ಜಗಳವಾಡುತ್ತಿದ್ದರು. ಇದ್ದದ್ದು ಒಂದೇ ಮೈಕು. ಭುಜಕ್ಕೆ ಭುಜ ತಾಗುತ್ತಿತ್ತು. ಇನ್ನೊಂದು ಮೈಕು ಕೊಳ್ಳೋಣ ಎಂದು ಆರು ವರ್ಷದಲ್ಲಿ ಇಬ್ಬರಲ್ಲಿ ಒಬ್ಬರೂ ಬಾಯಿಬಿಟ್ಟಿರಲಿಲ್ಲ.

“ಶನಿವಾರ ಯಾಕೆ ತೆಗೀತಿದೀರಿ?”

“ಸಾಕು ಅನ್ನಿಸ್ತಿದೆ.”

“ಯಾರಿಗೆ? ಚಂದಾದಾರರಿಗಾ?”

“ನನಗೇ ಅಂತಿಟ್ಕೊಳ್ಳಿ.” ಅವರು ಕಣ್ಣಿಗೆ ಕಣ್ಣು ಕೊಡಲಿಲ್ಲ.

ಮೂರು ವಾರದಿಂದ ಶೀತ, ಶೀತ ಎಂದು ಶನಿವಾರವನ್ನು ಮುಂದೂಡುತ್ತಿದ್ದರು. ತಾನು ಪಕ್ಕದಲ್ಲಿ ಕೂರುವುದೇ ಬೇಸರವಾಗಿದೆಯೆಂದು ಬಾಯಿಬಿಟ್ಟು ಹೇಳಬಾರದೇ? ವಾರಪೂರ್ತಿ ತಾನು ಕಾಯುವುದು ಆ ಒಂದು ಗಂಟೆಗೆ ಎಂಬುದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಅದೊಂದು ಹೋದರೆ ಈ ಮನೆಗೆ ಬರಲು ಅವಳಿಗೆ ನೆಪವೇ ಉಳಿಯುತ್ತಿರಲಿಲ್ಲ. ಉಳಿದದ್ದೆಲ್ಲ ಇಮೇಲಿನಲ್ಲೇ ನಡೆಯುವ ಕೆಲಸ.

“ಸರಿ,” ಎಂದಳು ಸಿಟ್ಟಿನಲ್ಲಿ. “ರೂಲು ಪ್ರಕಾರ ಓದಿ ತೆಗೀರಿ.”

ಆ ರೂಲು ಮೇಷ್ಟ್ರದ್ದೇ. ಮೊಟ್ಟಮೊದಲ ಪತ್ರದಲ್ಲಿ ಕೊಟ್ಟ ಸಲಹೆ: ಯಾವ ಸಾಲನ್ನೇ ತೆಗೆಯುವುದಿದ್ದರೂ ಬರೆದವರೇ ಅದನ್ನೊಮ್ಮೆ ಗಟ್ಟಿಯಾಗಿ ಓದಬೇಕು. ಓದಿದ ಮೇಲೂ ಬೇಡವೆನಿಸಿದರೆ ತೆಗೆಯಬಹುದು.

“ಇದು ಬರೀ ಪಟ್ಟಿ. ಬಿಡಿ.”

“ಬರೆದೋರು ನೀವೇ ತಾನೆ? ಓದಿ.”

ಅವರು ಕಾಗದ ಎತ್ತಿಕೊಂಡರು. “ಪ್ರತಿ ಶನಿವಾರ ನಾವಿಬ್ಬರೂ ನಿಮ್ಮ ಜೊತೆ...” ದನಿ ಅಲ್ಲಿಗೇ ನಿಂತಿತು. ನೀರು ಕುಡಿದು ಮತ್ತೆ ಶುರುಮಾಡಿದರು. ಈ ಸಲ ‘ನಿಮ್ಮ’ ಎಂಬಲ್ಲಿಯೇ ಬರೀ ಗಾಳಿ ಬಂತು. ಇದು ಶೀತವಲ್ಲ ಎಂದು ಅವಳಿಗೆ ಗೊತ್ತಾಯಿತು.

ಚಹಾ ತಂದ ಅವರ ಅಕ್ಕ ಬಾಗಿಲಲ್ಲೇ ನಿಂತಿದ್ದರು. “ಇನ್ನೂ ಹೇಳಿಲ್ವೇನೋ ಇವಳಿಗೆ?” ಎಂದರು. ಮೇಷ್ಟ್ರು ತಲೆ ತಗ್ಗಿಸಿದರು. ಅಕ್ಕನೇ ಹೇಳಿದರು. “ಗುರುವಾರ ಆಪರೇಷನ್ ಕಣಮ್ಮ. ಗಂಟಲಲ್ಲಿ ಗಡ್ಡೆ. ಜೀವಕ್ಕೇನೂ ಭಯ ಇಲ್ಲ ಅಂದಿದಾರೆ ಡಾಕ್ಟ್ರು. ಮಾತು ಮಾತ್ರ...” ಕಪ್ಪುಗಳನ್ನು ಮೇಜಿನ ಮೇಲಿಟ್ಟು ಒಳಗೆ ಹೋದರು.

ಅವಳು ಚಹಾ ಮುಟ್ಟದೆ ಅವರ ಕಡೆ ತಿರುಗಿದಳು.

“ನನಗ್ಯಾಕೆ ಹೇಳ್ಲಿಲ್ಲ?”

“ಇರೋದೇ ಸ್ವಲ್ಪ ದನಿ. ಅದನ್ನೂ ಈ ಸುದ್ದಿಗೇ ಖರ್ಚು ಮಾಡ್ಬೇಕಾ ಅನ್ನಿಸ್ತು, ಕತ್ತರಿ.”

ನಗಿಸಲು ಹೇಳಿದ ಮಾತಿಗೆ ಅವಳು ಅತ್ತುಬಿಟ್ಟಳು. ಅವರು ಕರವಸ್ತ್ರ ಹುಡುಕಿ, ಸಿಗದೆ, ಮೈಕು ಒರೆಸುವ ಮೆತ್ತನೆಯ ಬಟ್ಟೆಯನ್ನೇ ಕೊಟ್ಟರು. ಅವಳು ಅದರಲ್ಲೇ ಮುಖ ಒರೆಸಿಕೊಂಡಳು. ಆಮೇಲೆ ಚೀಲದಿಂದ ತನ್ನ ನೋಟ್‌ಬುಕ್ ತೆಗೆದು, ಯಾರಿಗೂ ತೋರಿಸದ ಕೊನೆಯ ಪುಟವನ್ನು ಅವರ ಮುಂದಿಟ್ಟಳು.

“ಮೂರು ವರ್ಷದ ಹಿಂದೆ, ‘ಯಾರಿಗಾಗಿ ಬರೆಯಬೇಕು’ ಅನ್ನೋ ಪತ್ರದಲ್ಲಿ ಇದೊಂದು ಸಾಲಿತ್ತು. ನಮ್ಮಿಬ್ಬರ ಫೈಲಲ್ಲಿ ಬೆಳಿಗ್ಗೆ ನೋಡಿ ಬರೆದಿಟ್ಕೊಂಡೆ, ಮಧ್ಯಾಹ್ನದ ಹೊತ್ತಿಗೆ ನೀವೇ ತೆಗೆದಿದ್ರಿ. ಗಟ್ಟಿಯಾಗಿ ಓದದೇ ತೆಗೆದ್ರಿ.”

ಮೇಷ್ಟ್ರ ಕಿವಿ ಕೆಂಪಾಯಿತು. “ನೋಡಿಬಿಟ್ಟಿದ್ರಾ? ಇಷ್ಟು ದಿನ ಸುಮ್ನಿದ್ರಲ್ಲ.”

“ಬರೆದೋರೇ ಸುಮ್ನಿದ್ರೆ ಕತ್ತರಿ ಏನ್ ಮಾಡುತ್ತೆ? ಈಗ ಓದಿ.”

ಅವರು ಅಭ್ಯಾಸಬಲದಿಂದ ಕುರ್ಚಿಯನ್ನು ಮೈಕಿನ ಬಳಿ ಎಳೆದುಕೊಂಡರು. ಭುಜಕ್ಕೆ ಭುಜ ತಾಗಿತು. ರೆಕಾರ್ಡರಿನ ಕೆಂಪು ದೀಪ ಉರಿಯುತ್ತಿತ್ತು. ಆ ಮೇಜಿಗೆ ಬಂದೊಡನೆ ಅದರ ಗುಂಡಿ ಒತ್ತುವುದು ಅವಳ ಚಟ. ಅವರು ಪುಟದ ಮೇಲೆ ಬಾಗಿದ್ದಾಗ ಅವಳು ಕೈಚಾಚಿ ಆರಿಸಿದಳು.

“ಇದು ಚಂದಾದಾರರಿಗಲ್ಲ,” ಎಂದಳು.

ಅವರು ಓದಿದರು. “ಒಬ್ಬಳು ಓದಲೆಂದೇ ನಾನು ಬರೆಯುತ್ತೇನೆ.” ಉಸಿರು ಸಾಲದೆ ನಿಂತರು. “ಅವಳ ಕೈಯಲ್ಲಿ ಇನ್ನಷ್ಟು ಹೊತ್ತು ಇರಲೆಂದು...” ಮತ್ತೆ ನಿಂತರು. ಅವಳು ಅವರ ಮುಂಗೈ ಹಿಡಿದುಕೊಂಡಳು. “ಬೇಕಿಲ್ಲದ ಸಾಲುಗಳನ್ನೂ ಸೇರಿಸುತ್ತೇನೆ.” ಕೊನೆಯ ಪದ ತುಟಿಯಲ್ಲಿ ಮೂಡಿತೇ ಹೊರತು ಕೇಳಿಸಲಿಲ್ಲ.

“ತೆಗೀಲಾ?” ಎಂದು ಪಿಸುಗುಟ್ಟಿದರು.

“ಇರಲಿ,” ಎಂದಳು.

ಪಟ್ಟಿಯ ನಾಲ್ಕನೆಯ ಸಾಲನ್ನು ಆ ಸಂಜೆ ಅವಳೇ ತಿದ್ದಿದಳು. ಪ್ರತಿ ಶನಿವಾರ ಮೇಷ್ಟ್ರು ಬರೆದದ್ದನ್ನು ಕತ್ತರಿ ಓದುತ್ತಾಳೆ. ಹಳೆಯ ಶನಿವಾರಗಳ ರೆಕಾರ್ಡಿಂಗ್ ಎಲ್ಲವೂ ಚಂದಾದಾರರಿಗೆ ಸಿಗುತ್ತದೆ.

ಆಪರೇಷನ್ ಆಗಿ ಆರನೆಯ ಶನಿವಾರ ಅವರು ಮತ್ತೆ ಮೈಕಿನ ಮುಂದೆ ಕೂತರು. ಕತ್ತಿಗೆ ಬಿಳಿ ಪಟ್ಟಿ, ತೊಡೆಯ ಮೇಲೆ ಪ್ಯಾಡು. ಅವರು ಗೀಚಿದರು, ಅವಳು ಓದಿದಳು, ಅವರ ಜೋಕುಗಳನ್ನೂ ಬಿಡದೆ ಓದಿದಳು. ಪಾತ್ರೆ ತೊಳೆಯುತ್ತಾ ಮೇಷ್ಟ್ರ ಹಳೆಯ ದನಿ ಕೇಳುತ್ತೇನೆ ಎಂದು ಯಾರೋ ಬರೆದಿದ್ದರು. ಅದನ್ನೂ ಓದಿದಳು. ಹೊಟ್ಟೆಕಿಚ್ಚಾಯಿತು, ಆದರೂ ಓದಿದಳು.

ಮೈಕು ಆರಿಸಿದ ಮೇಲೆ ಮೇಷ್ಟ್ರು ಪ್ಯಾಡನ್ನು ಅವಳ ಕಡೆ ತಿರುಗಿಸಿದರು. “ಅವತ್ತು ಓದಿದ ಸಾಲು ರೆಕಾರ್ಡಾಗಿದೆಯಾ? ಒಮ್ಮೆ ಕೇಳಬೇಕು.”

ಹೆಚ್ಚುಕಡಿಮೆ ಮುನ್ನೂರು ಶನಿವಾರಗಳು ಕಂಪ್ಯೂಟರಿನಲ್ಲಿದ್ದವು. ಆ ಮೂರು ಉಸಿರು ಮಾತ್ರ ಎಲ್ಲೂ ಇರಲಿಲ್ಲ.

“ಇಲ್ಲ,” ಎಂದಳು. “ಆಫ್ ಮಾಡಿದ್ದು ನಾನೇ. ತಪ್ಪಾಯ್ತು.”

ಮೇಷ್ಟ್ರು ಪುಟ ಮಗುಚಿ ಬರೆದರು. “ಹೇಗಿತ್ತು? ನೀನೇ ಹೇಳು.”

ಅವಳು ಕುರ್ಚಿ ಹತ್ತಿರಕ್ಕೆ ಎಳೆದುಕೊಂಡಳು. ಸಾಲು ಅವಳಿಗೆ ಬಾಯಿಪಾಠ. ಅವರು ಉಸಿರಿಗಾಗಿ ನಿಂತಲ್ಲೆಲ್ಲ ತಾನೂ ನಿಂತು, ಕೊನೆಯ ಪದಕ್ಕೆ ದನಿಯೇ ಹೊರಡಿಸದೆ, ತುಟಿಯನ್ನಷ್ಟೇ ಆಡಿಸಿದಳು. ಮೇಷ್ಟ್ರು ಕಣ್ಣು ಮುಚ್ಚಿ ಕೇಳಿಸಿಕೊಂಡರು. ಮುಗಿದ ಮೇಲೆ ಅವಳ ಕೈ ತಟ್ಟಿ, ಇನ್ನೊಮ್ಮೆ ಎಂದು ಸನ್ನೆ ಮಾಡಿದರು.