ಒನ್ಸ್ ಮೋರ್

ಮೂವತ್ತು ವರ್ಷ ನಾಟಕ ಕಂಪನಿಯಲ್ಲಿ ಗಂಟಲು ಹರಿದುಕೊಂಡರೂ ನನಗೆ ಪ್ರೇಕ್ಷಕರಿಂದ ಒಂದೇ ಒಂದು ‘ಒನ್ಸ್ ಮೋರ್’ ಸಿಗಲಿಲ್ಲ. ಮಾತಿನ ಸಹವಾಸವೇ ಬೇಡವೆಂದು ಮೂಕಚಿತ್ರ ತೆಗೆಯಲು ಹೊರಟೆ. ಹೋದ ವರ್ಷ ಗುಡಗೇರಿಯ ಹಳೆ ನಾಟಕದ ಥಿಯೇಟರಿನಲ್ಲಿ ಶೂಟಿಂಗ್. ಅದಾಗಲೇ ಅದು ಮೆಣಸಿನಕಾಯಿ ಗೋದಾಮಾಗಿತ್ತು. ನಾಯಕಿ ನಸ್ರೀನ್ ಹುಟ್ಟುಕಿವುಡಿ.

ಶಾಟ್ ಮುಗಿಯಿತೆಂದು ನಾನು ಕೈಯೆತ್ತಿದರೂ ಆಕೆ ಅದೇ ಅಳುವನ್ನು ಮತ್ತೆ ಮೊದಲಿನಿಂದ ಅತ್ತಳು. ಮೂರು ಸಲ!

“ಎಷ್ಟ ಸಲ ಹೇಳೂದ್ರಿ ನಿಮ್ಮ ಮಗಳಿಗೆ?” ಎಂದು ಅವಳ ತಾಯಿ ಹಸನಬಿಯ ಮೇಲೆ ರೇಗಿದೆ.

ಮಗಳ ಕೈಸನ್ನೆ ನೋಡಿ ಆಕೆ ಹೇಳಿದಳು: “ಮಂದಿ ಚಪ್ಪಾಳಿ ನಿಲ್ಲಸವಲ್ಲರಂತ್ರಿ, ಅದಕ್ಕ ಮತ್ತ ಮಾಡ್ಯಾಳ. ಕಾಲಿಗೆ ಗೊತ್ತಾಗತೈತಂತ.”

ಎದುರಿಗೆ ಇದ್ದದ್ದು ಬರೀ ಚೀಲಗಳು. ಚಪ್ಪಲಿ ಬಿಟ್ಟು ರಂಗದ ಹಲಗೆ ಹತ್ತಿದೆ. ಅಂಗಾಲು ಜುಮ್ಮೆನ್ನುವಂತೆ ಹಲಗೆ ನಡುಗುತ್ತಿತ್ತು.

ತಲೆ ಕೆಟ್ಟು ಆ ಅಳುವನ್ನು ನಾನೇ ಅತ್ತು ತೋರಿಸಿದೆ.

ಅರ್ಧಕ್ಕೇ ನಡುಕ ನಿಂತುಹೋಯಿತು.